ಹಳೆಯ ಕಾರಿಗೆ ಸೂರು ಬೇಕೇ?

ಜೂನ್ ತಿಂಗಳ ಭಾನುವಾರ, ಇಂಗ್ಲೆಂಡಿನ ಹಳ್ಳಿಯೊಂದರ ಹುಲ್ಲುಬಯಲು. ಹಳೆಯ ಕಾರುಗಳ ಮೇಳ ನಡೆದಿದೆ. ಸಾಲಾಗಿ ನಿಂತ ಎಂ.ಜಿ., ಟ್ರಯಂಫ್, ಜಾಗ್ವಾರ್ ಕಾರುಗಳ ಟಾಪುಗಳೆಲ್ಲ ಹಿಂದಕ್ಕೆ ಮಡಚಿವೆ. ಜನ ಬಾಗಿಲ ಮೇಲೆ ಬಗ್ಗಿ ಚರ್ಮದ ಸೀಟು, ತೆಳ್ಳನೆಯ ಸ್ಟೀರಿಂಗ್, ಡ್ಯಾಶ್‌ಬೋರ್ಡಿನ ಗುಂಡು ಮೀಟರುಗಳನ್ನು ಕಣ್ತುಂಬ ನೋಡುತ್ತಿದ್ದಾರೆ. ಮಕ್ಕಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ ಫೋಟೊ ತೆಗೆಯುತ್ತಿದ್ದಾರೆ. ಅದೇ ಸಾಲಿನ ತುದಿಯಲ್ಲಿ ಅದೇ ಕಂಪನಿಯ, ಅದೇ ಎಂಜಿನ್ನಿನ ಇನ್ನೊಂದು ಕಾರಿದೆ. ಅದರ ತಲೆಯ ಮೇಲೆ ಉಕ್ಕಿನ ಸೂರಿದೆ. ಅದರ ಮುಂದೆ ನಿಲ್ಲುವವರು ಕಡಿಮೆ.

ಅಷ್ಟರಲ್ಲಿ ಮೋಡ ಕವಿಯುತ್ತದೆ. ಮೊದಲ ಹನಿ ಬಿದ್ದದ್ದೇ ತಡ, ಬಯಲೆಲ್ಲ ಗಡಿಬಿಡಿ. ಒಬ್ಬರು ಡಿಕ್ಕಿಯಿಂದ ಕಂಬಿಗಳನ್ನು ತೆಗೆದು ಜೋಡಿಸುತ್ತಾರೆ, ಇನ್ನೊಬ್ಬರು ಬಟ್ಟೆಯ ಅಂಚು ಹಿಡಿದು ಮುಂದಕ್ಕೆ ಜಗ್ಗುತ್ತಾರೆ. ವರ್ಷಗಟ್ಟಲೆ ಬಿಗಿದುಕೊಂಡ ರೆಕ್ಸಿನ್ ಗುಂಡಿಯ ತನಕ ಬರುವುದಿಲ್ಲ. ಸೂರಿರುವ ಕಾರಿನವರು ಒಳಗೆ ಕೂತು ಬಾಗಿಲು ಹಾಕಿಕೊಳ್ಳುತ್ತಾರೆ.

ಹಳೆಯ ಕಾರೊಂದನ್ನು ಕೊಂಡು ಓಡಿಸುವ ಆಸೆ ಇರುವವರೆಲ್ಲ ಒಂದಲ್ಲ ಒಂದು ದಿನ ಈ ಕವಲಿಗೆ ಬಂದು ನಿಲ್ಲುತ್ತಾರೆ: ಟಾಪು ಮಡಚುವ ಕಾರೋ, ಗಟ್ಟಿ ಸೂರಿನ ಕಾರೋ? ಬಹುಪಾಲು ಜನ ಇದನ್ನು ಅಂದಚೆಂದದ ಪ್ರಶ್ನೆಯೆಂದೇ ತಿಳಿದು, ಕಣ್ಣು ಹೇಳಿದಂತೆ ತೀರ್ಮಾನಿಸಿಬಿಡುತ್ತಾರೆ. ಆದರೆ ಸೂರು ಎಂಬುದು ಕಾರಿನ ಮೈಕಟ್ಟಿನ ಒಂದು ಮೂಳೆ. ಅದು ಇದೆಯೋ ಇಲ್ಲವೋ ಎನ್ನುವುದರ ಮೇಲೆ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತದೆ, ತುಕ್ಕು ಎಲ್ಲಿ ಹಿಡಿಯುತ್ತದೆ, ರಿಪೇರಿಗೆ ಎಷ್ಟು ಖರ್ಚಾಗುತ್ತದೆ, ವರ್ಷದಲ್ಲಿ ಎಷ್ಟು ದಿನ ಕಾರು ಹೊರಗೆ ಬರುತ್ತದೆ ಎಂಬುದೆಲ್ಲ ನಿಂತಿದೆ.

ಮೊದಲು ಎಲ್ಲವೂ ತೆರೆದ ಕಾರುಗಳೇ

ಕಾರಿನ ಚರಿತ್ರೆಯ ಮೊದಲ ದಶಕಗಳಲ್ಲಿ ತೆರೆದ ಕಾರೇ ಸಾಮಾನ್ಯರ ಕಾರು. ಸೂರು, ಗಾಜಿನ ಕಿಟಕಿ, ನಾಲ್ಕೂ ಕಡೆ ಗೋಡೆ ಇದ್ದದ್ದು ಸಿರಿವಂತರ ಕಾರಿಗೆ. ಮರದ ಚೌಕಟ್ಟು ಕಟ್ಟಿ, ಅದರ ಮೇಲೆ ತಗಡು ಹೊದಿಸಿ, ಗಾಜು ಕೂರಿಸುವ ಕೆಲಸವನ್ನು ಬಡಗಿಗಳು ಕೈಯಲ್ಲೇ ಮಾಡಬೇಕಿತ್ತು. ಹೀಗಾಗಿ ಸೂರಿಗೆ ತೆರುವ ಬೆಲೆ ಎಂಜಿನ್ನಿಗೆ ತೆರುವ ಬೆಲೆಯೊಂದಿಗೆ ಪೈಪೋಟಿಗೆ ನಿಲ್ಲುತ್ತಿತ್ತು.

ಅಮೆರಿಕದಲ್ಲಿ ಈ ಲೆಕ್ಕ ತಿರುಗಿದ್ದು 1920ರ ದಶಕದಲ್ಲಿ. ಹಡ್ಸನ್ ಕಂಪನಿ 1922ರಲ್ಲಿ ಎಸೆಕ್ಸ್ ಹೆಸರಿನ ಮುಚ್ಚಿದ ಕಾರನ್ನು ತೆರೆದ ಕಾರಿಗಿಂತ ಸ್ವಲ್ಪವೇ ಹೆಚ್ಚಿನ ಬೆಲೆಗೆ ಮಾರಿತು. ಕೆಲವೇ ವರ್ಷಗಳಲ್ಲಿ ಅದನ್ನು ತೆರೆದ ಕಾರಿಗಿಂತ ಅಗ್ಗವಾಗಿಯೂ ಕೊಟ್ಟಿತು. 1919ರಲ್ಲಿ ಅಲ್ಲಿ ಮಾರಾಟವಾದ ಕಾರುಗಳಲ್ಲಿ ಮುಚ್ಚಿದವು ಶೇ 10ರಷ್ಟಿದ್ದರೆ, 1927ರ ಹೊತ್ತಿಗೆ ಶೇ 85 ಮುಟ್ಟಿದ್ದವು. ಆಗಲೂ ಸೂರಿನ ನಡುಭಾಗಕ್ಕೆ ಬಟ್ಟೆಯನ್ನೇ ಹೊದಿಸುತ್ತಿದ್ದರು. ಅಷ್ಟು ಅಗಲದ ಉಕ್ಕಿನ ಹಾಳೆಯನ್ನು ಒಂದೇ ಏಟಿಗೆ ಒತ್ತಿ ತೆಗೆಯುವ ಅಚ್ಚುಯಂತ್ರ ಬಳಕೆಗೆ ಬಂದಿರಲಿಲ್ಲ. ಜನರಲ್ ಮೋಟರ್ಸ್ 1935ರ ಮಾದರಿಗಳಲ್ಲಿ ಒಂದೇ ತುಂಡಿನ ಉಕ್ಕಿನ ಸೂರು ತಂದಿತು. ಇಡೀ ಕಾರನ್ನು ಉಕ್ಕಿನ ಪೆಟ್ಟಿಗೆಯಾಗಿ ಮಾಡುವ ದಾರಿ ಅಲ್ಲಿಂದ ಸಲೀಸಾಯಿತು.

ಎರಡನೇ ಮಹಾಯುದ್ಧ ಮುಗಿಯುವಷ್ಟರಲ್ಲಿ ತೆರೆದ ಕಾರು ಅಗತ್ಯದ ಪಟ್ಟಿಯಿಂದ ಇಳಿದು ಖುಷಿಯ ಪಟ್ಟಿಗೆ ಸೇರಿತ್ತು. ಇವತ್ತು ನಾವು ಕ್ಲಾಸಿಕ್ ಎಂದು ಕರೆಯುವ 1950, 60ರ ದಶಕದ ಕಾರುಗಳು ಹುಟ್ಟಿದ್ದು ಈ ಹೊತ್ತಿನಲ್ಲಿ. ಅವುಗಳಲ್ಲಿ ಹಲವನ್ನು ತೆರೆದ ರೂಪದಲ್ಲೂ ಮುಚ್ಚಿದ ರೂಪದಲ್ಲೂ ಮಾರುತ್ತಿದ್ದರು.

ಸೂರು ಹೊರುವ ಭಾರ

ಬೆಂಕಿಪೊಟ್ಟಣದ ಒಳಗಿನ ತಟ್ಟೆಯನ್ನು ಹೊರಗೆಳೆದು ಎರಡು ತುದಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಅದನ್ನೇ ಹೊರಕವಚದೊಳಗೆ ತಳ್ಳಿ ತಿರುಚಿದರೆ ಬಗ್ಗುವುದಿಲ್ಲ. ಕಾಗದ ಅದೇ, ದಪ್ಪ ಅದೇ. ನಾಲ್ಕೂ ಬದಿ ಮುಚ್ಚಿದ ಕಾರಣ ಬಿಗಿ ಬಂತು.

ಹಳೆಯ ಕಾರುಗಳಲ್ಲಿ, ಲಾರಿಯಲ್ಲಿ ಇರುವಂತೆ, ಕೆಳಗೆ ಗಟ್ಟಿ ಚಾಸಿ ಇರುತ್ತಿತ್ತು. ಎಂಜಿನ್, ಚಕ್ರ, ಸ್ಪ್ರಿಂಗುಗಳ ಭಾರವನ್ನೆಲ್ಲ ಅದೇ ಹೊರುತ್ತಿತ್ತು. ಮೇಲಿನ ಬಾಡಿ ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಹೊದಿಕೆ. ಅಂಥ ಕಾರಿನ ಸೂರು ತೆಗೆದರೆ ದೊಡ್ಡ ನಷ್ಟವಿಲ್ಲ. ಆಮೇಲೆ ಬಂದ ಕಾರುಗಳಲ್ಲಿ ಪ್ರತ್ಯೇಕ ಚಾಸಿ ಇಲ್ಲ. ನೆಲ, ಪಕ್ಕದ ಗೋಡೆ, ಕಂಬ, ಸೂರು ಎಲ್ಲ ಬೆಸೆದು ಬಾಡಿಯೇ ಭಾರ ಹೊರುತ್ತದೆ. ಇಂಥ ಕಾರಿನಿಂದ ಸೂರು ಕಳಚಿದರೆ ಆ ಬಿಗಿಯನ್ನು ಬೇರೆ ಕಡೆಯಿಂದ ತುಂಬಿಕೊಡಬೇಕು. ಬಾಗಿಲ ಕೆಳಗಿನ ಸಿಲ್, ಗೇರ್‌ಬಾಕ್ಸ್ ಮೇಲಿನ ಸುರಂಗ, ಡ್ಯಾಶ್‌ಬೋರ್ಡಿನ ಹಿಂದಿನ ಅಡ್ಡಗೋಡೆ ಇವನ್ನೆಲ್ಲ ದಪ್ಪ ಮಾಡಬೇಕು. ಹಾಗೆ ಮಾಡಿದರೂ ಸೂರಿನ ಕಾರಿನ ಬಿಗಿ ಪೂರ್ತಿ ಬರುವುದಿಲ್ಲ.

ಓಡಿಸುವವರಿಗೆ ಇದು ಗೊತ್ತಾಗುವುದು ರಸ್ತೆ ಕೆಟ್ಟಾಗ. ಒಂದು ಚಕ್ರ ಗುಂಡಿಗೆ ಇಳಿದರೆ ತೆರೆದ ಕಾರಿನ ಮುಂಗಾಜು ಸಣ್ಣಗೆ ನಡುಗುತ್ತದೆ, ಸ್ಟೀರಿಂಗ್ ಕಂಬ ಕೈಯಲ್ಲಿ ಅದುರುತ್ತದೆ, ಬಾಗಿಲ ಬೀಗದಿಂದ ಕಟಕಟ ಸದ್ದು ಬರುತ್ತದೆ. ಹಂಪ್ ಮೇಲೆ ಓರೆಯಾಗಿ ಹತ್ತಿದಾಗಲಂತೂ ಇಡೀ ಬಾಡಿ ಕೀರ್ ಎನ್ನುತ್ತದೆ. ಸೂರಿರುವ ಕಾರಿನಲ್ಲಿ ಅದೇ ಗುಂಡಿ ಒಂದು ಹೊಡೆತವಾಗಿ ಬಂದು ಮುಗಿಯುತ್ತದೆ.

ಅಬಿಂಗ್ಡನ್‌ನ ಎರಡು ಕಾರು

ಈ ಆಯ್ಕೆಯನ್ನು ಒಂದೇ ಕಾರಿನ ಮೇಲೆ ಇಟ್ಟು ನೋಡಬೇಕೆಂದರೆ ಎಂ.ಜಿ.ಬಿ.ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಆಕ್ಸ್‌ಫರ್ಡ್ ಬಳಿಯ ಅಬಿಂಗ್ಡನ್ ಊರಿನ ಕಾರ್ಖಾನೆಯಿಂದ 1962ರಲ್ಲಿ ಹೊರಬಂದ ಈ ಕಾರಿನ ತಯಾರಿಕೆ ನಿಂತದ್ದು 1980ರ ಅಕ್ಟೋಬರಿನಲ್ಲಿ. ಇದರ ಹಿಂದಿನ ಎಂ.ಜಿ.ಎ.ಗೆ ಪ್ರತ್ಯೇಕ ಚಾಸಿ ಇತ್ತು. ಮುಖ್ಯ ಎಂಜಿನಿಯರ್ ಸಿಡ್ ಎನೆವರ್ ಮತ್ತು ಅವರ ತಂಡ ಎಂ.ಜಿ.ಬಿ.ಗೆ ಅದನ್ನು ಕೈಬಿಟ್ಟು, ಬಾಡಿಯೇ ಭಾರ ಹೊರುವಂತೆ ಮಾಡಿದರು. ಮೊದಲು ಹುಟ್ಟಿದ್ದು ತೆರೆದ ರೋಡ್‌ಸ್ಟರ್. ಮೂರು ವರ್ಷದ ನಂತರ, 1965ರಲ್ಲಿ, ಇಟಲಿಯ ಪಿನಿನ್‌ಫರಿನಾ ಸಂಸ್ಥೆ ರೂಪಿಸಿದ ಸೂರನ್ನು ಹೊತ್ತು ಎಂ.ಜಿ.ಬಿ. ಜಿ.ಟಿ. ಬಂತು.

ಎರಡಕ್ಕೂ 1,798 ಸಿ.ಸಿ. ಎಂಜಿನ್. ಇದು ಬಿ.ಎಂ.ಸಿ. ಕಂಪನಿಯ ಬಿ-ಸರಣಿಗೆ ಸೇರಿದ್ದು. ನಮ್ಮ ಅಂಬಾಸಡರ್ ಕಾರಿನಲ್ಲಿ ದಶಕಗಟ್ಟಲೆ ಗುಡುಗಿದ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಇದೇ ಮನೆತನದ್ದು. ಅಂಬಾಸಡರ್ ಬಾನೆಟ್ಟಿನಡಿ ಕೈ ಕಪ್ಪು ಮಾಡಿಕೊಂಡ ಹಳೆಯ ಮೆಕ್ಯಾನಿಕ್ ಎಂ.ಜಿ.ಬಿ.ಯ ಬಾನೆಟ್ ಎತ್ತಿದರೆ ಪರಿಚಯದ ಮುಖವನ್ನೇ ಕಾಣುತ್ತಾನೆ.

ಜಿ.ಟಿ.ಯ ತೂಕ ರೋಡ್‌ಸ್ಟರ್‌ಗಿಂತ 70 ಕಿಲೋಗೂ ಹೆಚ್ಚು. ನಿಂತಲ್ಲಿಂದ ವೇಗ ಪಡೆಯುವಾಗ ಅದು ತುಸು ಹಿಂದೆ ಬೀಳುತ್ತದೆ. ಆದರೆ ಸೂರು ಗಾಳಿಯನ್ನು ನಯವಾಗಿ ಹಿಂದಕ್ಕೆ ಸಾಗಿಸುವುದರಿಂದ ಹೆದ್ದಾರಿಯಲ್ಲಿ ಆ ಕೊರತೆ ತುಂಬಿಕೊಳ್ಳುತ್ತದೆ. ಹಿಂದಿನ ಸೀಟು ಹೆಸರಿಗಷ್ಟೇ; ಚಿಕ್ಕ ಮಕ್ಕಳು ಕೂರಬಹುದು. ಆ ಸೀಟಿನ ಬೆನ್ನನ್ನು ಮಡಚಿ, ಹಿಂಬಾಗಿಲನ್ನು ಮೇಲಕ್ಕೆತ್ತಿದರೆ ಉದ್ದನೆಯ ಸಮತಟ್ಟು ಜಾಗ ಸಿಗುತ್ತದೆ. ಇಬ್ಬರು ವಾರದ ಪ್ರವಾಸಕ್ಕೆ ಬೇಕಾದ ಸಾಮಾನೆಲ್ಲ ಅಲ್ಲಿ ಹಿಡಿಸುತ್ತದೆ. ರೋಡ್‌ಸ್ಟರಿನ ಡಿಕ್ಕಿಯಲ್ಲಿ ಬಿಡಿಚಕ್ರವನ್ನೂ ಟಾಪಿನ ಕಂಬಿಗಳನ್ನೂ ಇಟ್ಟ ಮೇಲೆ ಉಳಿಯುವ ಜಾಗಕ್ಕೆ ಮೆತ್ತನೆಯ ಚೀಲವೇ ಗತಿ.

ಒಟ್ಟು ರೋಡ್‌ಸ್ಟರುಗಳು ಸುಮಾರು 3.87 ಲಕ್ಷ, ಜಿ.ಟಿ.ಗಳು ಸುಮಾರು 1.25 ಲಕ್ಷ. ಜಿ.ಟಿ. ಸಂಖ್ಯೆಯಲ್ಲಿ ವಿರಳ. ಆದರೂ ಮಾರುಕಟ್ಟೆಯಲ್ಲಿ, ಒಂದೇ ಸ್ಥಿತಿಯ ಎರಡು ಕಾರು ಪಕ್ಕಪಕ್ಕ ನಿಂತರೆ, ರೋಡ್‌ಸ್ಟರಿಗೇ ಹೆಚ್ಚು ಬೆಲೆ.

ಬಾಗಿಲ ಸಂದು ಹೇಳುವ ಕಥೆ

ಎಂ.ಜಿ.ಬಿ. ನೋಡಲು ಹೋದವರು ಮೊದಲು ಬಣ್ಣ ನೋಡಬಾರದು, ಬಾಗಿಲು ನೋಡಬೇಕು. ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಸಿಲ್ ಹೊರಗಿನಿಂದ ಒಂದೇ ತಗಡಿನಂತೆ ಕಂಡರೂ ಒಳಗೆ ಮೂರು ಪದರ: ಹೊರಸಿಲ್, ನಡುವೆ ನೆಟ್ಟಗೆ ನಿಂತ ತಗಡು, ಒಳಸಿಲ್. ಈ ಮೂರೂ ಸೇರಿ ಆಗುವ ಪೆಟ್ಟಿಗೆಯೇ ಸೂರಿಲ್ಲದ ಕಾರಿನ ಬೆನ್ನೆಲುಬು. ಮುಂಚಕ್ರ ಎರಚುವ ಕೆಸರು ಇದರ ಬಾಯಲ್ಲಿ ಕೂರುತ್ತದೆ, ನೀರು ಒಳಗಿಳಿಯುತ್ತದೆ, ನಡುವಿನ ತಗಡು ಯಾರ ಕಣ್ಣಿಗೂ ಬೀಳದೆ ಪುಡಿಯಾಗುತ್ತದೆ.

ಆಗ ರೋಡ್‌ಸ್ಟರ್ ನಡುವಿನಲ್ಲಿ ಕುಸಿಯತೊಡಗುತ್ತದೆ. ಬಾಗಿಲ ಮುಂದಿನ ಮತ್ತು ಹಿಂದಿನ ಕಂಬಗಳ ತಲೆಗಳು ಒಂದರತ್ತ ಒಂದು ವಾಲುತ್ತವೆ. ಬಾಗಿಲ ಹಿಂಬದಿಯ ಸಂದನ್ನು ಮೇಲಿನಿಂದ ಕೆಳಕ್ಕೆ ಬೆರಳಿನಿಂದ ಸವರುತ್ತ ಬನ್ನಿ. ಮೇಲೆ ಉಗುರು ತೂರದಷ್ಟು ಬಿಗಿ, ಕೆಳಗೆ ಬೆರಳೇ ಹೋಗುವಷ್ಟು ಸಡಿಲ ಇದ್ದರೆ ಒಳಗಿನ ಕಥೆ ಗೊತ್ತಾಯಿತು. ಇನ್ನೂ ಅನುಮಾನವಿದ್ದರೆ ಜಾಕ್ ಕೊಟ್ಟು ಒಂದು ಬದಿ ಎತ್ತಿಸಿ, ಬಾಗಿಲು ತೆಗೆದು ಹಾಕಿ ನೋಡಿ. ಗಟ್ಟಿ ಕಾರಿನಲ್ಲಿ ಏನೂ ವ್ಯತ್ಯಾಸವಾಗದು. ಕೊಳೆತ ಕಾರಿನಲ್ಲಿ ಬಾಗಿಲು ಕಚ್ಚಿಕೊಳ್ಳುತ್ತದೆ. ತೀರಾ ಕೊಳೆತಿದ್ದರೆ ಜಾಕ್ ಮಾತ್ರ ಮೇಲೇರುತ್ತದೆ, ಕಾರು ಏಳುವುದಿಲ್ಲ.

ಮಾರುವವರು ಕೊಳೆತ ಸಿಲ್ ಮೇಲೆ ಹೊಸ ತಗಡು ಹೊದಿಸಿ, ಪುಟ್ಟಿ ಎಳೆದು, ಬಣ್ಣ ಹೊಡೆದು ನಿಲ್ಲಿಸುವುದುಂಟು. ಸರಿಯಾದ ರಿಪೇರಿಯಲ್ಲಿ ಮೂರೂ ಪದರ ಕತ್ತರಿಸಿ ತೆಗೆಯಬೇಕು. ಅದಕ್ಕೂ ಮುಂಚೆ ಬಾಗಿಲ ಜಾಗಕ್ಕೆ ಅಡ್ಡಲಾಗಿ ಕಬ್ಬಿಣದ ಕಂಬಿ ವೆಲ್ಡ್ ಮಾಡಿ ಬಾಡಿಯ ಅಳತೆಯನ್ನು ಹಿಡಿದಿಡಬೇಕು. ಇದನ್ನು ಮರೆತು ಸಿಲ್ ಕತ್ತರಿಸಿದ ರೋಡ್‌ಸ್ಟರ್ ಬಾಗಿದ ಸ್ಥಿತಿಯಲ್ಲೇ ಹೊಸ ಸಿಲ್‌ಗೆ ಬೆಸೆದುಕೊಳ್ಳುತ್ತದೆ. ಆಮೇಲೆ ಯಾವ ಟಿಂಕರಿಂಗ್ ಕೆಲಸವೂ ಅದನ್ನು ನೆಟ್ಟಗೆ ಮಾಡಲಾರದು.

ಜಿ.ಟಿ.ಗೂ ಇದೇ ಸಿಲ್, ಇದೇ ತುಕ್ಕು. ಆದರೆ ಮೇಲೆ ಸೂರು ಸ್ವಲ್ಪ ಭಾರ ಹಂಚಿಕೊಳ್ಳುವುದರಿಂದ ಬಾಗಿಲು ಸರಿಯಾಗಿಯೇ ಮುಚ್ಚುತ್ತದೆ. ಕೊಳ್ಳುವವರು ಮೋಸ ಹೋಗುವುದು ಇಲ್ಲಿಯೇ. ಸೂರಿನ ಕಾರಿನಲ್ಲಿ ಬಾಗಿಲ ಸಂದನ್ನು ನಂಬದೆ ಕಾರಿನ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿ ಸದ್ದು ಕೇಳಬೇಕು.

ಇಷ್ಟೆಲ್ಲ ತುಕ್ಕು ಹಿಡಿಯುವ ಕಾರಿಗೆ ಒಂದು ಭಾಗ್ಯವೂ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಹಳೆಯ ಅಚ್ಚುಗಳನ್ನೇ ಬಳಸಿ ಎಂ.ಜಿ.ಬಿ.ಗೆ ಹೊಸ ಬಾಡಿ ಮಾಡಿ ಮಾರಲು ಶುರುಮಾಡಿತು. ಮೊದಲು ಮಾಡಿದ್ದು ರೋಡ್‌ಸ್ಟರಿನ ಬಾಡಿ, ಜಿ.ಟಿ.ಯ ಸರದಿ ಆಮೇಲೆ ಬಂತು. ಬೇಡಿಕೆ ಯಾವುದಕ್ಕಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ.

ಗಾಳಿ ಹಿಂದಿನಿಂದ ಬರುತ್ತದೆ

ತೆರೆದ ಕಾರಿನ ಸುಖವನ್ನು ಕಡೆಗಣಿಸಿ ಈ ಲೇಖನ ಬರೆಯಲಾಗದು. ಟಾಪು ಇಳಿಸಿದಾಗ ಕಾರಿನ ವೇಗ ಅಷ್ಟೇ ಇದ್ದರೂ ಇಮ್ಮಡಿಯಾದಂತೆ ಭಾಸವಾಗುತ್ತದೆ. ಎಂಜಿನ್ನಿನ ಸದ್ದು, ಸೈಲೆನ್ಸರಿನ ಗುಡುಗು, ಕತ್ತರಿಸಿದ ಹುಲ್ಲಿನ ವಾಸನೆ, ಮರದ ನೆರಳಿಗೆ ಹೊಕ್ಕ ಕ್ಷಣ ಕೆನ್ನೆಗೆ ತಾಗುವ ತಂಪು, ಇವು ಗಾಜಿನಾಚೆಯಿಂದ ಸಿಗುವುದಿಲ್ಲ. ಗಂಟೆಗೆ 50–60 ಕಿ.ಮೀ. ವೇಗದಲ್ಲಿ, ತಿರುವುಗಳ ಹಳ್ಳಿರಸ್ತೆಯಲ್ಲಿ, ತೆರೆದ ಕಾರಿಗೆ ಸಮನಾದದ್ದು ಬೇರಿಲ್ಲ.

ವೇಗ ಹೆಚ್ಚಾದಂತೆ ಚಿತ್ರ ಬದಲಾಗುತ್ತದೆ. ಮುಂಗಾಜಿನ ಮೇಲಿಂದ ಹಾರಿಹೋದ ಗಾಳಿ ಸೀಟಿನ ಹಿಂದೆ ಸುಳಿಗಟ್ಟಿ, ಹಿಂದಿನಿಂದ ಮುಂದಕ್ಕೆ ತಿರುಗಿ ಬರುತ್ತದೆ. ಕೂದಲು ಮುಖಕ್ಕೆ ಬಡಿಯುವುದು, ಕತ್ತಿನ ಹಿಂದೆ ಚಳಿ ಹಿಡಿಯುವುದು ಇದರಿಂದ. ಹೆದ್ದಾರಿಯಲ್ಲಿ ಪಕ್ಕದವರೊಂದಿಗೆ ಮಾತಾಡಬೇಕೆಂದರೆ ಕೂಗಬೇಕು. ಟಾಪು ಏರಿಸಿದರೆ ಬಟ್ಟೆ ಉಬ್ಬಿ ಪಟಪಟ ಬಡಿದುಕೊಳ್ಳುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಕಿಟಕಿ ಹಳದಿಗಟ್ಟಿದ್ದರೆ ಹಿಂದೆ ಬರುವ ಲಾರಿ ಮಸುಕು ಆಕಾರವಾಗಿ ಕಾಣುತ್ತದೆ. ನಾಲ್ಕಾರು ಗಂಟೆಯ ಪ್ರಯಾಣದ ನಂತರ ತೆರೆದ ಕಾರಿನವರು ದಣಿದು ಇಳಿಯುತ್ತಾರೆ.

ಗರಿಷ್ಠ ವೇಗದಲ್ಲಿ ಮಾತ್ರ ಎರಡರ ಅಂತರ ಜನ ಊಹಿಸುವಷ್ಟಿಲ್ಲ. 1961ರ ಮಾರ್ಚಿನಲ್ಲಿ ಜಿನೀವಾದಲ್ಲಿ ಜಾಗ್ವಾರ್ ಇ-ಟೈಪ್ ಅನಾವರಣಗೊಂಡಾಗ ಮೊದಲು ಅಲ್ಲಿಗೆ ಬಂದದ್ದು 9600 ಎಚ್.ಪಿ. ಎಂಬ ನಂಬರಿನ ಸೂರಿನ ಕಾರು. ಓಡಿಸಿ ನೋಡಬೇಕೆಂದು ಜನ ಮುಗಿಬಿದ್ದರು. ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಕಂಪನಿಯ ಅಪ್ಪಣೆಯಂತೆ ಕವೆಂಟ್ರಿಯಿಂದ ರಾತ್ರೋರಾತ್ರಿ 77 ಆರ್.ಡಬ್ಲ್ಯು. ಎಂಬ ತೆರೆದ ಕಾರನ್ನು ಓಡಿಸಿಕೊಂಡು ಜಿನೀವಾ ಮುಟ್ಟಿದರು. ಅದೇ ವರ್ಷ ಬ್ರಿಟನ್ನಿನ ಎರಡು ಪತ್ರಿಕೆಗಳು ಈ ಎರಡು ಕಾರುಗಳನ್ನು ಪರೀಕ್ಷಿಸಿದವು. ಸೂರಿನದು ಗಂಟೆಗೆ 150 ಮೈಲಿ ದಾಟಿತು, ತೆರೆದದ್ದು 149 ದಾಟಿತು. ಎರಡರಲ್ಲಿ ಒಂದನ್ನು ಆರಿಸಲು ಆ ಒಂದು ಮೈಲಿ ಸಾಲದು. ಆರಿಸಬೇಕಾದದ್ದು 80 ಕಿ.ಮೀ. ವೇಗದಲ್ಲಿ ಮೂರು ಗಂಟೆ ಕೂತಾಗ ಮೈ ಏನು ಹೇಳುತ್ತದೆ ಎಂಬುದರಿಂದ.

ಸೂರಿನ ಕಾರಿಗೂ ತನ್ನ ಕಷ್ಟವಿದೆ. ಆ ಕಾಲದ ಕ್ರೀಡಾ ಕಾರುಗಳಲ್ಲಿ ಗಾಳಿಯಾಟದ ವ್ಯವಸ್ಥೆ ತೀರಾ ಸಾಧಾರಣ. ಎಂಜಿನ್ ಮತ್ತು ಗೇರ್‌ಬಾಕ್ಸಿನ ಬಿಸಿಯೆಲ್ಲ ಕಾಲಬಳಿಗೆ ಬರುತ್ತದೆ. ರೆಕ್ಕೆಯಂತೆ ಮೇಲಕ್ಕೇಳುವ ಬಾಗಿಲುಗಳ ಮರ್ಸಿಡಿಸ್ 300 ಎಸ್.ಎಲ್. ಕಾರಿನ ಕಿಟಕಿ ಗಾಜನ್ನು ಇಳಿಸಲೂ ಆಗುತ್ತಿರಲಿಲ್ಲ. ಬಿಚ್ಚಿ ಹಿಂದೆ ಇಟ್ಟುಕೊಳ್ಳಬೇಕಿತ್ತು. ಬಿಸಿಲ ಮಧ್ಯಾಹ್ನ ಅದರೊಳಗೆ ಕೂರುವುದು ಶಿಕ್ಷೆಯೇ.

ಬೆಲೆ ಯಾವ ಕಡೆ ವಾಲುತ್ತದೆ

ಸಾಮಾನ್ಯ ನಿಯಮ ಸರಳ: ತೆರೆದ ಕಾರು ದುಬಾರಿ, ಸೂರಿನದು ಅಗ್ಗ. ಹಳೆಯ ಕಾರನ್ನು ಬಹಳ ಮಂದಿ ಕೊಳ್ಳುವುದು ಬಿಸಿಲಿನ ಭಾನುವಾರಕ್ಕಾಗಿ, ಆ ಭಾನುವಾರದ ಕನಸಿನಲ್ಲಿ ಸೂರಿರುವುದಿಲ್ಲ. ಪೋರ್ಷೆ 356 ಸ್ಪೀಡ್‌ಸ್ಟರ್ 1954ರಲ್ಲಿ ಅಮೆರಿಕಕ್ಕೆ ಬಂದದ್ದು 3,000 ಡಾಲರಿಗಿಂತ ಕಡಿಮೆ ಬೆಲೆಯ ಕಾರಾಗಿ. ತಗ್ಗು ಗಾಜು, ತೆಳು ಟಾಪು, ಬೇರೇನೂ ಇಲ್ಲ. ಇವತ್ತು ಅದು ಅಂದಿನ ಸಾಮಾನ್ಯ ಸೂರಿನ 356ಕ್ಕಿಂತ ಬಹಳ ದುಬಾರಿ.

ನಿಯಮಕ್ಕೆ ಅಪವಾದಗಳಿರುವುದು ರೇಸಿನ ಚರಿತ್ರೆ ಮತ್ತು ವಿಶಿಷ್ಟ ರೂಪ ಇರುವ ಕಡೆ. ಮೇಲೆ ಹೇಳಿದ 300 ಎಸ್.ಎಲ್. ಸೂರಿನ ರೂಪದಲ್ಲಿ 1954ರಿಂದ 1957ರವರೆಗೆ 1,400 ತಯಾರಾದವು. ನಂತರ ಬಂದ ತೆರೆದ ರೂಪ 1,858. ರೆಕ್ಕೆಬಾಗಿಲಿನ ಮೋಹ ಎಷ್ಟೆಂದರೆ ಅಲ್ಲಿ ಸೂರಿನದೇ ಹೆಚ್ಚು ಬೆಲೆಗೆ ಹೋಗುತ್ತದೆ. ಜಗತ್ತಿನ ಅತಿ ದುಬಾರಿ ಕಾರುಗಳ ಸಾಲಿನಲ್ಲಿರುವ ಫೆರಾರಿ 250 ಜಿ.ಟಿ.ಒ. ಕೂಡ ಸೂರಿನದೇ, ತಯಾರಾದದ್ದು 36.

ಬೆಲೆಯ ಆಸೆಗೆ ಸೂರನ್ನೇ ಕತ್ತರಿಸಿದ ಪ್ರಸಂಗಗಳೂ ಇವೆ. 1968ರಲ್ಲಿ ಬಂದ ಫೆರಾರಿ ಡೇಟೋನಾದ ತೆರೆದ ರೂಪವನ್ನು ಕಾರ್ಖಾನೆಯವರು 120ರ ಆಸುಪಾಸಿನಷ್ಟೇ ಮಾಡಿದ್ದರು. ಅವುಗಳ ಬೆಲೆ ಏರಿದಾಗ ಹಲವರು ಸೂರಿನ ಡೇಟೋನಾಗಳ ತಲೆ ಕತ್ತರಿಸಿ ತೆರೆದ ಕಾರು ಮಾಡಿಸಿದರು. ಕಾರ್ಖಾನೆಯಲ್ಲೇ ತೆರೆದು ಹುಟ್ಟಿದವುಗಳ ಬೆಲೆಗೆ ಅವು ಎಂದೂ ಏರಲಿಲ್ಲ. ಒಂದು ಒಳ್ಳೆಯ ಸೂರಿನ ಕಾರು ಹೀಗೆ ನಾಶವಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತೆರೆದ ಕಾರಿನ ಕಾಲ ಮುಗಿಯಿತು ಎಂಬ ಭಯವೂ ಒಮ್ಮೆ ಬೆಲೆಯನ್ನು ಕುಣಿಸಿತ್ತು. ಕಾರು ಮಗುಚಿದಾಗ ಪ್ರಯಾಣಿಕರಿಗೆ ರಕ್ಷಣೆ ಬೇಕೆಂಬ ಕಾನೂನು ಅಮೆರಿಕದಲ್ಲಿ ಬರಲಿದೆ ಎಂದು 1970ರ ದಶಕದಲ್ಲಿ ಎಲ್ಲರೂ ನಂಬಿದ್ದರು. ಟ್ರಯಂಫ್ ಸ್ಟ್ಯಾಗ್ 1970ರಲ್ಲಿ ತಲೆಯ ಮೇಲೆ ಗಟ್ಟಿ ಕಮಾನಿನೊಂದಿಗೆ ಬಂತು. ಅದೇ ಕಂಪನಿಯ ಟಿ.ಆರ್.7 1975ರಲ್ಲಿ ಸೂರಿನೊಂದಿಗೆ ಮಾತ್ರ ಬಂತು, ಅದರ ತೆರೆದ ರೂಪ ಬರಲು 1979 ಆಯಿತು. 1976ರ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಅಮೆರಿಕದ ಕೊನೆಯ ತೆರೆದ ಕಾರೆಂದು ಸಾರಿದಾಗ ಜನ ಬಂಡವಾಳವೆಂದು ಕೊಂಡು ಶೆಡ್ಡಿನಲ್ಲಿ ಮುಚ್ಚಿಟ್ಟರು. 1984ಕ್ಕೆ ಅದೇ ಕಂಪನಿ ಮತ್ತೆ ತೆರೆದ ಎಲ್ಡೊರಾಡೊ ತಂದಾಗ ಅವರ ಲೆಕ್ಕ ತಲೆಕೆಳಗಾಯಿತು.

ಎಂ.ಜಿ.ಬಿ. ಜಿ.ಟಿ. ಅಗ್ಗವಾಗಿರುವುದರ ಪರಿಣಾಮ ಬೇರೆ ಬಗೆಯದು. ಅದನ್ನು ಸರಿಪಡಿಸಲು ರೋಡ್‌ಸ್ಟರಿಗೆ ಆಗುವಷ್ಟೇ ಖರ್ಚು. ಮಾರುವಾಗ ಸಿಗುವುದು ಕಡಿಮೆ. ಆದ್ದರಿಂದ ಎಷ್ಟೋ ಜಿ.ಟಿ.ಗಳನ್ನು ಬಿಚ್ಚಿ ಅವುಗಳ ಬಿಡಿಭಾಗಗಳಿಂದ ರೋಡ್‌ಸ್ಟರುಗಳನ್ನು ಉಳಿಸಿದರು. ಓಡಿಸುವುದಕ್ಕೆಂದೇ ಕೊಳ್ಳುವವರಿಗೆ ಇದರಲ್ಲಿ ಲಾಭವಿದೆ: ಬೇರೆಯವರು ಹಣ ಸುರಿದು ಸರಿಮಾಡಿದ ಜಿ.ಟಿ. ಆ ಖರ್ಚಿಗಿಂತ ಕಡಿಮೆಗೆ ಸಿಗುವುದುಂಟು.

ಬಿಚ್ಚಿಡುವ ಸೂರು

ಎರಡೂ ಬೇಕೆನ್ನುವವರಿಗೆ ನಡುದಾರಿಯೊಂದಿದೆ. 1963ರ ಮರ್ಸಿಡಿಸ್ 230 ಎಸ್.ಎಲ್. ತೆರೆದ ಕಾರೇ. ಚಳಿಗಾಲಕ್ಕೆ ಮೇಲೆ ಕೂರಿಸಲು ಬಿಚ್ಚಿಡುವ ಗಟ್ಟಿ ಸೂರಿತ್ತು. ನಡುವೆ ತಗ್ಗಿ ಅಂಚಿನಲ್ಲಿ ಎತ್ತರವಾದ ಅದರ ಆಕಾರದಿಂದಲೇ ಕಾರಿಗೆ ‘ಪಗೋಡಾ’ ಎಂಬ ಅಡ್ಡಹೆಸರು ಬಂತು. ಆದರೆ ಆ ಸೂರನ್ನು ಎತ್ತಲು ಇಬ್ಬರು ಬೇಕು, ಇಡಲು ಗ್ಯಾರೇಜಿನಲ್ಲಿ ಜಾಗ ಬೇಕು, ಮನೆಯಿಂದ ಹೊರಟ ಮೇಲೆ ಮಳೆ ಬಂದರೆ ಅದು ಗ್ಯಾರೇಜಿನಲ್ಲೇ ಇರುತ್ತದೆ. ಕೂರಿಸಿದಾಗ ಬೆಚ್ಚಗಿರುತ್ತದೆ, ಬಾಡಿಗೆ ಬೆಸೆದ ಸೂರಿನ ಬಿಗಿ ಬರುವುದಿಲ್ಲ.

ನಮ್ಮ ದೇಶದ ರಸ್ತೆಗಳು ಕಂಡ ಒಂದು ಕಾರು ಇಲ್ಲಿ ನೆನಪಾಗುತ್ತದೆ. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ 1959ರಲ್ಲಿ ಬಂತು. ಮದ್ರಾಸಿನಲ್ಲಿ 1961ರಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಿನಲ್ಲಿ ತಯಾರಾಯಿತು. ಉಳಿದವರೆಲ್ಲ ಚಾಸಿ ಬಿಡುತ್ತಿದ್ದ ಕಾಲದಲ್ಲಿ ಹೆರಾಲ್ಡ್ ಚಾಸಿಯನ್ನೇ ನೆಚ್ಚಿಕೊಂಡಿತ್ತು, ಅದರ ಸೂರನ್ನು ಬೋಲ್ಟಿನಿಂದ ಬಿಗಿದಿದ್ದರು. ಅದರಿಂದಲೇ ಸಲೂನ್, ಕೂಪೆ, ತೆರೆದ ಕಾರು ಎಲ್ಲವನ್ನೂ ಒಂದೇ ತಳದ ಮೇಲೆ ಮಾಡಲು ಸಾಧ್ಯವಾಯಿತು. ಬ್ರಿಟನ್ನಿನಲ್ಲಿ ಎಷ್ಟೋ ಹೆರಾಲ್ಡ್‌ಗಳು ಸಲೂನ್ ಆಗಿ ಹುಟ್ಟಿ ತೆರೆದ ಕಾರಾಗಿ ಬಾಳುತ್ತಿವೆ.

ನಮ್ಮ ಬಿಸಿಲು, ನಮ್ಮ ಮಳೆ

ಕರ್ನಾಟಕದಲ್ಲಿ ಹಳೆಯ ಕಾರು ಇಟ್ಟುಕೊಳ್ಳುವವರಿಗೆ ಇಂಗ್ಲೆಂಡಿನ ಲೆಕ್ಕ ಹಾಗೇ ಒಗ್ಗುವುದಿಲ್ಲ. ಇಂಗ್ಲೆಂಡಿನಲ್ಲಿ ಬಿಸಿಲು ಬಂದರೆ ಟಾಪು ಇಳಿಸುತ್ತಾರೆ, ಇಲ್ಲಿ ಬಿಸಿಲು ಬಂದರೆ ನೆರಳು ಹುಡುಕುತ್ತೇವೆ. ಬೆಂಗಳೂರು, ಮೈಸೂರಿನಲ್ಲಿ ತೆರೆದ ಕಾರಿಗೆ ಹದವಾದ ಹೊತ್ತೆಂದರೆ ನವೆಂಬರಿನಿಂದ ಫೆಬ್ರುವರಿಯ ಬೆಳಗು ಮತ್ತು ಸಂಜೆ. ಏಪ್ರಿಲ್ ಮಧ್ಯಾಹ್ನ ಕಪ್ಪು ರೆಕ್ಸಿನ್ ಸೀಟಿಗೆ ಕೈ ಇಡಲೂ ಆಗದು. ಮಂಗಳೂರು, ಉಡುಪಿಯ ಕಡೆ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಎರಡೂ ಸೇರಿ ತಗಡನ್ನು ತಿನ್ನುತ್ತವೆ.

ಬಟ್ಟೆಯ ಟಾಪನ್ನು ಒದ್ದೆಯಾಗಿ ಮಡಚಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಹೊಲಿಗೆ ಕೊಳೆಯುತ್ತದೆ. ರಬ್ಬರ್ ಬೀಡಿಂಗ್ ಬಿಸಿಲಿಗೆ ಬಿರುಕು ಬಿಟ್ಟರೆ ನೀರು ಕಾರ್ಪೆಟ್ಟಿನಡಿ ನಿಂತು ನೆಲವನ್ನು ಒಳಗಿನಿಂದ ತಿನ್ನುತ್ತದೆ. ಟಾಪು ಹೊಲಿಸಲು ನಮ್ಮ ಕುಶನ್ ಕೆಲಸದವರಲ್ಲಿ ಒಳ್ಳೆಯ ಕೈಗಳಿವೆ. ಹಳೆಯ ಟಾಪನ್ನೇ ಅಳತೆಗೆ ಕೊಟ್ಟರೆ ಅದರಂತೆಯೇ ಕತ್ತರಿಸಿ ಹೊಲಿಯುತ್ತಾರೆ. ಮೂಲ ಟಾಪು ಎಷ್ಟೇ ಹರಿದಿರಲಿ, ಎಸೆಯಬಾರದು ಎನ್ನುವುದು ಇದಕ್ಕೇ. ಸೂರಿನ ಕಾರಿನಲ್ಲಿ ಕಷ್ಟವಾಗುವುದು ಗಾಜು. ಬಾಗಿದ ಹಿಂಗಾಜು ಒಡೆದರೆ ಇಲ್ಲಿ ಮಾಡಿಕೊಡುವವರು ವಿರಳ.

ಕಾನೂನನ್ನೂ ನೋಡಬೇಕು. ತಯಾರಕರು ಕೊಟ್ಟ ಮೂಲ ರೂಪವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡಿಯಾಗುತ್ತದೆ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಫಿಯೆಟ್ಟನ್ನೋ ಅಂಬಾಸಡರನ್ನೋ ಸೂರು ಕತ್ತರಿಸಿ ತೆರೆದ ಕಾರು ಮಾಡಿಸುವ ಹವ್ಯಾಸ ಕಾರಿನ ಮೈಗೂ ಕೇಡು, ಆರ್.ಸಿ.ಗೂ ಕೇಡು. 50 ವರ್ಷ ದಾಟಿದ ಕಾರಿಗೆ 2021ರಿಂದ ‘ವಿ.ಎ.’ ಅಕ್ಷರವಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಬಾಡಿ, ಚಾಸಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಈ ನೋಂದಣಿಯ ಕಾರನ್ನು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಮುಂತಾದ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಹಾಗಿರುವಾಗ ತೆರೆದ ಕಾರಿನ ಪರ ವಾದಕ್ಕೆ ಬಲ ಬರುತ್ತದೆ ಎಂಬುದನ್ನು ಒಪ್ಪಬೇಕು. ವರ್ಷದಲ್ಲಿ ಕೆಲವೇ ಸಲ, ಚಳಿಗಾಲದ ಬೆಳಿಗ್ಗೆಯ ರ‍್ಯಾಲಿಗೆ ಮಾತ್ರ ಹೊರಡುವ ಕಾರಾದರೆ ಟಾಪು ಇಳಿಸಿಕೊಂಡೇ ಹೋಗಲಿ.

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರ ಸ್ಥಿತಿ ಬೇರೆ. ಅಲ್ಲಿ 40 ವರ್ಷ ದಾಟಿದ, ಹೆಚ್ಚು ಬದಲಾವಣೆಯಾಗದ ಕಾರಿಗೆ ರಸ್ತೆ ತೆರಿಗೆಯೂ ಇಲ್ಲ, ವಾರ್ಷಿಕ ಪರೀಕ್ಷೆಯೂ ಕಡ್ಡಾಯವಲ್ಲ. ದಿನನಿತ್ಯ ಓಡಿಸಲು ಅಡ್ಡಿಯಿಲ್ಲ. ವಾರ್ಷಿಕ ಪರೀಕ್ಷೆ ಇಲ್ಲವೆಂದರೆ ಸಿಲ್ ನೋಡುವ ಹೊಣೆ ಪೂರ್ತಿ ಕೊಳ್ಳುವವರ ಮೇಲೆಯೇ ಬೀಳುತ್ತದೆ.

ಕೊಳ್ಳುವ ಮುನ್ನ

ಕಾರು ಹುಟ್ಟುವಾಗ ಹೇಗಿತ್ತು ಎಂಬುದನ್ನು ನಂಬರು ಹೇಳುತ್ತದೆ. ಎಂ.ಜಿ.ಬಿ. ರೋಡ್‌ಸ್ಟರಿನ ಚಾಸಿ ನಂಬರು ಜಿ.ಎಚ್.ಎನ್. ಅಕ್ಷರಗಳಿಂದ ಶುರುವಾಗುತ್ತದೆ, ಜಿ.ಟಿ.ಯದು ಜಿ.ಎಚ್.ಡಿ.ಯಿಂದ. ಮೊದಲ ಸರಣಿಯ ಬಲಗೈ ಸ್ಟೀರಿಂಗಿನ ಇ-ಟೈಪ್‌ಗಳಲ್ಲಿ ತೆರೆದದ್ದು 850001ರಿಂದ, ಸೂರಿನದು 860001ರಿಂದ ಆರಂಭ. ತೆರೆದ ಕಾರಿನ ಮೇಲೆ ಸೂರಿನ ಕಾರಿನ ನಂಬರಿದ್ದರೆ ಯಾರೋ ಕತ್ತರಿ ಆಡಿಸಿದ್ದಾರೆ ಎಂದರ್ಥ. ಬೆಲೆ ಎಷ್ಟೇ ಇಳಿಸಿದರೂ ಅದನ್ನು ಬಿಟ್ಟುಬಿಡುವುದು ಲೇಸು.

ಆಮೇಲೆ ಕೂತು ನೋಡಬೇಕು. ಟಾಪನ್ನು ನೀವೇ, ಯಾರ ಸಹಾಯವೂ ಇಲ್ಲದೆ, ಪೂರ್ತಿ ಏರಿಸಿ ಇಳಿಸಿ. ಟಾಪು ಏರಿಸಿದ ಮೇಲೆ ತಲೆ ತಾಗುತ್ತದೆಯೇ, ಒಳಗೆ ನುಸುಳಿ ಕೂರಲು ಆಗುತ್ತದೆಯೇ ನೋಡಿ. ಕೊಳ್ಳುವವರೆಲ್ಲ ಟಾಪು ಇಳಿಸಿಯೇ ಓಡಿಸಿ ನೋಡುತ್ತಾರೆ, ಮಳೆ ಬಂದ ದಿನ ಗೊತ್ತಾಗುತ್ತದೆ ತಮ್ಮ ಮೊಣಕಾಲಿಗೆ ಅಲ್ಲಿ ಜಾಗವಿಲ್ಲವೆಂದು. ಸೂರಿನ ಕಾರಿನಲ್ಲಿ ಕಿಟಕಿ ಮುಚ್ಚಿ ಅರ್ಧ ಗಂಟೆ ಓಡಿಸಿ, ಕಾಲಬಳಿ ಬಿಸಿ ಎಷ್ಟು ಬರುತ್ತದೆ, ಪೆಟ್ರೋಲ್ ವಾಸನೆ ಒಳಗೆ ತುಂಬುತ್ತದೆಯೇ ಗಮನಿಸಿ.

ನನ್ನನ್ನು ಕೇಳಿದರೆ, ಊರಿಂದೂರಿಗೆ ನಿಜವಾಗಿ ಓಡಿಸುವ ಮನಸ್ಸಿರುವವರಿಗೆ ಸೂರಿನ ಕಾರನ್ನೇ ಹೇಳುತ್ತೇನೆ. ಅದರ ಮೈ ಗಟ್ಟಿ, ಮಳೆಗೆ ಅಂಜುವುದಿಲ್ಲ, ಅರವತ್ತು ವರ್ಷದ ಹಿಂದೆ ಅದನ್ನು ಮಾಡಿದವರು ದೂರದ ಪ್ರಯಾಣವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದರು. ಎಂ.ಜಿ.ಬಿ.ಯಲ್ಲೇ ಆರಿಸುವುದಾದರೆ 1968ರಿಂದ 1974ರ ನಡುವಿನ ಜಿ.ಟಿ. ಹುಡುಕುವುದು ಒಳ್ಳೆಯದು. ಮೊದಲ ಗೇರಿಗೂ ಸಲೀಸಾಗಿ ಇಳಿಯುವ ಗೇರ್‌ಬಾಕ್ಸ್ ಅಷ್ಟರಲ್ಲಿ ಬಂದಿತ್ತು. 1974ರ ಕೊನೆಯಲ್ಲಿ ಅಮೆರಿಕದ ನಿಯಮಕ್ಕಾಗಿ ಕಾರನ್ನು ಎತ್ತರಿಸಿ ಹಾಕಿದ ದಪ್ಪ ಕಪ್ಪು ಬಂಪರ್ ಇನ್ನೂ ಬಂದಿರಲಿಲ್ಲ. ಓವರ್‌ಡ್ರೈವ್ ಇರುವುದನ್ನೇ ಕೇಳಿ. ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗಿ ಸದ್ದೂ ಪೆಟ್ರೋಲೂ ಉಳಿಯುತ್ತವೆ. ಹಿಂಬಾಗಿಲು ಎತ್ತಿ ಅದರ ರಬ್ಬರಿನ ಕೆಳಗೆ ಬೆರಳಾಡಿಸಿ, ಮುಂಗಾಜಿನ ಕೆಳಮೂಲೆಗಳಲ್ಲಿ ಬಣ್ಣ ಉಬ್ಬಿದೆಯೇ ನೋಡಿ, ಕಾರ್ಪೆಟ್ ಎತ್ತಿಸಿ. ಕಾರ್ಪೆಟ್ ಎತ್ತಲು ಮಾರುವವರು ಹಿಂದೆಮುಂದೆ ನೋಡಿದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಿ, ಮುಂದಿನ ಕಾರು ನೋಡಲು ಹೊರಡಿ.